ಸೆಟ್ಟೂರಿನ ಎರಡು ಓಟು, ಮಂಜೇಶ್ವರದ ಎಂಬತ್ತೊಂಬತ್ತು

ಪಾರ್ಲಿಮೆಂಟಿಗೆ ಗೆದ್ದವರಿಗೆ ಅಸೆಂಬ್ಲಿ ಏನು ಮಹಾ ಎಂಬ ಮಾತು ನಮ್ಮ ಹೋಟೆಲುಗಳಲ್ಲಿ ಆಗಾಗ ಕೇಳಿಬರುತ್ತದೆ. ನಮ್ಮಂತೆಯೇ ಗಡಿಯಲ್ಲಿರುವ ಇನ್ನೊಂದು ಊರಿನ ಲೆಕ್ಕ ಬೇರೆಯೇ ಹೇಳುತ್ತದೆ.

ಆಂಧ್ರದ ಅನಂತಪುರ ಜಿಲ್ಲೆಯ ಸೆಟ್ಟೂರು ಕರ್ನಾಟಕಕ್ಕೆ ತಾಗಿಕೊಂಡಿರುವ ಮಂಡಲ. ಆ ಜಿಲ್ಲೆಯ ಗಡಿಭಾಗದಲ್ಲಿ ಕನ್ನಡ ಮನೆಮಾತಿನ ಕುಟುಂಬಗಳಿವೆ. ಸೆಟ್ಟೂರಿನವರ ಅಸೆಂಬ್ಲಿ ಓಟು ಕಲ್ಯಾಣದುರ್ಗಕ್ಕೆ, ಲೋಕಸಭೆಯ ಓಟು ಅನಂತಪುರಕ್ಕೆ; ಹಾಕುವುದು ಒಂದೇ ದಿನ.

2019ರಲ್ಲಿ ವೈ.ಎಸ್.ಆರ್. ಕಾಂಗ್ರೆಸ್ಸಿನ ಶ್ರೀ ತಲಾರಿ ರಂಗಯ್ಯನವರು ಅನಂತಪುರದಿಂದ ಸುಮಾರು 1 ಲಕ್ಷ 41 ಸಾವಿರ ಮತಗಳ ಅಂತರದಲ್ಲಿ ಲೋಕಸಭೆಗೆ ಹೋದರು. 2024ರಲ್ಲಿ ಪಕ್ಷ ಅವರನ್ನು ಕಲ್ಯಾಣದುರ್ಗದ ಅಸೆಂಬ್ಲಿ ಸ್ಥಾನಕ್ಕೆ ನಿಲ್ಲಿಸಿತು. ತೆಲುಗು ದೇಶಂನ ಶ್ರೀ ಅಮಿಲಿನೇನಿ ಸುರೇಂದ್ರಬಾಬು ಅವರೆದುರು 37 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಇದನ್ನು ಅವರೊಬ್ಬರ ಸೋಲೆನ್ನುವುದು ನ್ಯಾಯವಲ್ಲ. 2019ರಲ್ಲಿ 175 ಅಸೆಂಬ್ಲಿ ಸ್ಥಾನಗಳಲ್ಲಿ 151 ಗೆದ್ದಿದ್ದ ಪಕ್ಷ 2024ರಲ್ಲಿ 11ಕ್ಕೆ ಇಳಿದಿತ್ತು.

ಅದಕ್ಕೂ ಹಿಂದೆ ಕಲ್ಯಾಣದುರ್ಗದಲ್ಲಿ ಕಾಂಗ್ರೆಸ್ಸಿನ ಶ್ರೀ ರಘುವೀರಾ ರೆಡ್ಡಿಯವರ ಕಾಲವಿತ್ತು. ಅವರ ಸ್ವಕ್ಷೇತ್ರ ಮಡಕಶಿರಾ. ಮೂರು ಕಡೆ ಕರ್ನಾಟಕವಿರುವ ತಾಲೂಕು. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಅದು ಪರಿಶಿಷ್ಟ ಜಾತಿಗೆ ಮೀಸಲಾದ್ದರಿಂದ 2009ರಲ್ಲಿ ಕಲ್ಯಾಣದುರ್ಗಕ್ಕೆ ಬಂದು ಗೆದ್ದರು. ರಾಜ್ಯ ಒಡೆದ ಸಿಟ್ಟಿನ 2014ರಲ್ಲಿ ಹಿಂದೂಪುರ ಲೋಕಸಭಾ ಕ್ಷೇತ್ರದೊಳಗಿನ ಪೆನುಕೊಂಡದಲ್ಲಿ ನಿಂತು ಸೋತರು. 2019ರಲ್ಲಿ ಪುನಃ ಕಲ್ಯಾಣದುರ್ಗಕ್ಕೆ ಬಂದಾಗ ದೊರೆತದ್ದು ಮೂರನೆಯ ಸ್ಥಾನ. ಹತ್ತು ವರ್ಷದ ಹಿಂದೆ ಗೆಲ್ಲಿಸಿದ ಅದೇ ಮತದಾರರು!

ಅಂತರ ಸಾವಿರಗಳಲ್ಲಿರುವಾಗ ಗಡಿಯ ಒಂದು ಹಳ್ಳಿ ಯಾರಿಗೆ ಹಾಕಿದರೂ ಫಲಿತಾಂಶ ಅಲುಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಬಿ.ಜೆ.ಪಿ.ಯ ಶ್ರೀ ಕೆ. ಸುರೇಂದ್ರನ್ 2019ರ ಲೋಕಸಭಾ ಚುನಾವಣೆಯಲ್ಲಿ ಪತ್ತನಂತಿಟ್ಟದಲ್ಲಿ ಸುಮಾರು 2 ಲಕ್ಷ 97 ಸಾವಿರ ಮತ ಪಡೆದೂ ಮೂರನೆಯವರಾದರು. ಅದೇ ಅಭ್ಯರ್ಥಿ ಮಂಜೇಶ್ವರದ ಅಸೆಂಬ್ಲಿಗೆ 2016ರಲ್ಲಿ ಸೋತದ್ದು ಮುಸ್ಲಿಂ ಲೀಗಿನ ಶ್ರೀ ಪಿ.ಬಿ. ಅಬ್ದುಲ್ ರಜಾಕ್ ಅವರೆದುರು ಬರೇ 89 ಮತಗಳಿಂದ, 2021ರಲ್ಲಿ 745ರಿಂದ.

ಯಾರು ಗೆಲ್ಲಬೇಕಿತ್ತೆಂಬುದು ನನ್ನ ವಿಷಯವಲ್ಲ. ಕನ್ನಡ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬರುವರೇ, ಸರಕಾರಿ ಅರ್ಜಿ ಕನ್ನಡದಲ್ಲಿ ಸಿಗುವುದೇ ಎಂಬುದೆಲ್ಲ ಹೆಚ್ಚಾಗಿ ತೀರ್ಮಾನವಾಗುವುದು ದೆಹಲಿಯಲ್ಲಲ್ಲ, ತಿರುವನಂತಪುರದಲ್ಲಿ. ಆದರೂ ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಹಳೆಯ ವಿದ್ಯಾರ್ಥಿಗಳನ್ನು ಕೇಳಿದರೆ, "ಒಂದು ಓಟಿನಿಂದ ಏನಾಗುತ್ತದೆ ಸರ್?" ಎನ್ನುತ್ತಾರೆ. 89 ಎಂದರೆ ನಮ್ಮ ಶಾಲೆಯ ಎರಡು ಕ್ಲಾಸಿನ ಮಕ್ಕಳು.