ಕಾಡಿನ ಡೇಬುಕ್ ಮತ್ತು ಸಿನಿಮಾ

ನಾನು ಕಾಮರ್ಸ್ ವಿದ್ಯಾರ್ಥಿ. ಕಾಡಿನ ಬಗ್ಗೆ ಬರೆಯೋಕೆ ನಿನಗೇನು ಅಧಿಕಾರ ಅಂತ ಮಿತ್ರರು ಕೇಳಬಹುದು. ಅಧಿಕಾರ ಇಲ್ಲ, ನೆರೆಹೊರೆಯ ಸಂಬಂಧ ಇದೆ. ನಮ್ಮ ದಹಿಸರ್ ನದಿ ಹುಟ್ಟುವುದೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ. ಅಲ್ಲಿ ಚಿರತೆಗಳಿವೆ. ಚಿರತೆ ಕಂಡಿತೆಂದರೆ ನಮ್ಮ ಚಾಳಿನಲ್ಲಿ ಒಂದೇ ಮಾತು: "ಹಿಡಿದು ದೂರ ಬಿಟ್ಟುಬರಬಾರದೇ?" ಅಮ್ಮನೂ ಹಾಗೇ ಅನ್ನೋಳು.

ಸಂಶೋಧಕರ ಉತ್ತರ ಬೇರೆ. ಪುಣೆ ಜಿಲ್ಲೆಯ ಜುನ್ನರ್ ಕಡೆ ಹಿಡಿದ ಚಿರತೆಗಳನ್ನು ಬೇರೆಡೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ಹೆಚ್ಚಿತೆಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು.

ಚಿರತೆ ಎಣಿಸುವುದು ಹೇಗೆ? ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಒಂದರ ಚುಕ್ಕೆ ಇನ್ನೊಂದಕ್ಕಿಲ್ಲ. ಎಡ ಬಲ ಮಗ್ಗುಲೂ ಬೇರೆ. ಆದ್ದರಿಂದ ಕಾಲುದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುತ್ತಾರೆ. ಪ್ರಾಣಿ ಹಾದರೆ ತಾನೇ ಕ್ಲಿಕ್ ಆಗುತ್ತದೆ. ಕಂಡವೇ ಮತ್ತೆ ಮತ್ತೆ ಬಂದರೆ ಹೆಚ್ಚಿನವು ಲೆಕ್ಕಕ್ಕೆ ಸಿಕ್ಕಿದವು. ಹೊಸವೇ ಬರುತ್ತಿದ್ದರೆ ಇನ್ನೂ ಹಲವು ಉಳಿದಿವೆ. ನಾಗರಹೊಳೆಯ ಹುಲಿಗಳನ್ನು ಉಲ್ಲಾಸ ಕಾರಂತರು ಪಟ್ಟೆ ನೋಡಿ ಎಣಿಸಿದ್ದೂ ಹೀಗೆಯೇ. ನಮ್ಮ ಉದ್ಯಾನ ಮತ್ತು ಸುತ್ತಮುತ್ತ 2015ರಲ್ಲಿ ಸಿಕ್ಕ ಲೆಕ್ಕ 35 ಚಿರತೆ.

ಇದು ಕಾಡಿನ ಡೇಬುಕ್. ಆದರೆ ಡೇಬುಕ್ ಓದಿ ಯಾರ ಮನಸ್ಸು ಕರಗುತ್ತೆ? ಅಮ್ಮನದಂತೂ ಕರಗಲಿಲ್ಲ.

ಇಲ್ಲಿ ಸಿನಿಮಾ ಬೇಕು. ಸೀಳುನಾಯಿ ಎಂಬ ಹೆಸರೇ ಬೈಗುಳದ ಹಾಗಿದೆ. ಬ್ರಿಟಿಷರ ಕಾಲದಲ್ಲಿ ಅದನ್ನು ಕೊಂದವರಿಗೆ ಇನಾಮು. 1970ರ ದಶಕದಲ್ಲಿ ಜಾನ್‌ಸಿಂಗ್ ಬಂಡೀಪುರದಲ್ಲಿ ಅದರ ಬದುಕನ್ನು ಅಭ್ಯಾಸ ಮಾಡಿದರು. ಆಮೇಲೆ ಮೈಸೂರಿನ ಕೃಪಾಕರ ಸೇನಾನಿ ವರ್ಷಗಟ್ಟಲೆ ಅದರ ಬೆನ್ನುಹತ್ತಿ ತೆಗೆದ 'ದಿ ಪ್ಯಾಕ್' 2010ರಲ್ಲಿ ಗ್ರೀನ್ ಆಸ್ಕರ್ ಪಡೆಯಿತು. ಗವಿ ಎಲ್ಲಿದೆ, ಗುಂಪು ಯಾವಾಗ ಮರಳುತ್ತದೆ ಅಂತ ತಿಳಿಯದೆ ಇಂಥ ಚಿತ್ರ ತೆಗೆಯಲಾಗದು. ಆ ಕಾಯುವಿಕೆಯೇ ಅರ್ಧ ಸಂಶೋಧನೆ.

ಬೇಟೆಯಿಂದ ಬಂದ ಸೀಳುನಾಯಿಗಳು ಹೊಟ್ಟೆಯಲ್ಲಿ ತಂದ ಮಾಂಸವನ್ನು ಕಕ್ಕಿ ಗವಿಯ ತಾಯಿಗೂ ಮರಿಗಳಿಗೂ ಉಣಿಸುತ್ತವೆ. ಅಂಥ ದೃಶ್ಯ ತೋರಿಸಿದಾಗ ಅಮ್ಮ, "ಅಯ್ಯೋ, ಬಾಣಂತಿಗೆ ಊಟ ತರೋ ಹಾಗಲ್ವೇನೋ!" ಅಂದಳು.

ಆದರೆ ಸಿನಿಮಾಕ್ಕೂ ಒಂದು ದೋಷವಿದೆ. ಹತ್ತು ದಿನದ ನಿದ್ದೆ ಕತ್ತರಿಸಿ ಒಂದು ನಿಮಿಷದ ಬೇಟೆ ಉಳಿಸಿದರೆ, ನೋಡಿದವನಿಗೆ ಚಿರತೆಯೆಂದರೆ ಬರೀ ಹಲ್ಲು. ಸಂಶೋಧನೆಯಿಲ್ಲದ ಸಿನಿಮಾ ಆಡಿಟ್ ಆಗದ ಲೆಕ್ಕ. ಸಿನಿಮಾ ಇಲ್ಲದ ಸಂಶೋಧನೆ ಬೀರುವಿನಲ್ಲೇ ಉಳಿದ ಲೆಕ್ಕ.

ಕಸಕ್ಕೆ ನಾಯಿ ಬರುತ್ತದೆ, ನಾಯಿಗೆ ಚಿರತೆ. ಅಮ್ಮ ಈಗಲೂ ಹೆದರುತ್ತಾಳೆ. ಆದರೆ "ಹಿಡಿದೊಯ್ಯಿರಿ" ಅನ್ನುವುದಿಲ್ಲ. ಚಾಳಿನ ಕಸ ಯಾಕೆ ಎತ್ತಿಲ್ಲ ಅಂತ ಜಗಳ ಆಡುತ್ತಾಳೆ.