ಪೆನ್ಸಿಲಿನಲ್ಲಿ ಬರೆದ ಎಲೆಕ್ಟ್ರಾನಿಕ್ಸ್

'ಯಾರೋ ಹುಡುಗನ ನೋಟ್ಸ್ ಇರ್ಬೇಕು ಸಾರ್, ಪೂರ್ತಿ ಕೈಬರಹ' ಎನ್ನುತ್ತ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ವ್ಯಾಪಾರಿ ಗೈಡುಗಳ ರಾಶಿಯಿಂದ ಅದನ್ನು ಎಳೆದುಕೊಟ್ಟ. ನೋಡಿದರೆ ಫಾರೆಸ್ಟ್ ಮಿಮ್ಸ್ ಅವರ 'ಗೆಟಿಂಗ್ ಸ್ಟಾರ್ಟೆಡ್ ಇನ್ ಎಲೆಕ್ಟ್ರಾನಿಕ್ಸ್'! ಅಮೆರಿಕದ ರೇಡಿಯೋ ಶ್ಯಾಕ್ ಅಂಗಡಿಗಳಿಗಾಗಿ 1983ರಲ್ಲಿ ಬಂದ 128 ಪುಟಗಳ ಪುಸ್ತಕ.

ಮಿಮ್ಸ್ ಓದಿದ್ದು ಎಂಜಿನಿಯರಿಂಗ್ ಅಲ್ಲ, ರಾಜ್ಯಶಾಸ್ತ್ರ. 1969ರಲ್ಲಿ ಗೆಳೆಯರ ಜೊತೆ ಕಟ್ಟಿದ ಎಂಐಟಿಎಸ್ ಕಂಪನಿಯಿಂದ ಅವರು ಬೇಗನೇ ಹೊರಬಂದರು. ಆ ಕಂಪನಿಯ ಆಲ್ಟೇರ್ ಕಂಪ್ಯೂಟರ್ ಹೊರಬಿದ್ದದ್ದು ಆಮೇಲೆ, 1975ರಲ್ಲಿ. ಅದಿರಲಿ, ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಬರಹ. ಒಳಪುಟಗಳಲ್ಲಿ ಅಕ್ಷರವೂ ಚಿತ್ರವೂ ಒಂದೇ ಪೆನ್ಸಿಲಿನವು. ಮಾತು ರೆಸಿಸ್ಟರಿನ ಪಕ್ಕದಲ್ಲೇ ಕೂತಿರುತ್ತದೆ, ಜಾಗ ಸಾಲದಿದ್ದರೆ ವೈರನ್ನು ಬಳಸಿಕೊಂಡು ಹೋಗುತ್ತದೆ. 'ಚಿತ್ರ 4.7 ನೋಡಿ' ಎಂದು ಪುಟ ತಿರುವಿಸುವ ಪಠ್ಯಪುಸ್ತಕಗಳಿಗೆ ಈ ಉಪಕಾರ ಎಂದೂ ಹೊಳೆಯಲಿಲ್ಲ. ಬ್ರೆಡ್‌ಬೋರ್ಡಿನ ಮೇಲೆ ಕೈಯಿಟ್ಟು ಓದುವವನಿಗೆ ಮಾತ್ರ ಇದರ ಬೆಲೆ ಗೊತ್ತು.

ಹೊರೊವಿಟ್ಸ್ ಮತ್ತು ಹಿಲ್ ಅವರ 'ದಿ ಆರ್ಟ್ ಆಫ್ ಎಲೆಕ್ಟ್ರಾನಿಕ್ಸ್' (1980) ಬಗ್ಗೆ ನನಗೆ ಭಕ್ತಿಯಿದೆ. ಆದರೆ ಅದನ್ನು ಮೊದಲ ಪುಸ್ತಕವಾಗಿ ಕೊಳ್ಳಿ ಎನ್ನುವವರನ್ನು ನಂಬಬೇಡಿ. ಈಗಿನ ಆವೃತ್ತಿ ಸಾವಿರ ಪುಟ ದಾಟಿದೆ. ಚಾರ್ಲ್ಸ್ ಪ್ಲ್ಯಾಟ್ ಅವರ 'ಮೇಕ್: ಎಲೆಕ್ಟ್ರಾನಿಕ್ಸ್' (2009) ತದ್ವಿರುದ್ಧ. 9 ವೋಲ್ಟ್ ಬ್ಯಾಟರಿಯನ್ನು ನಾಲಿಗೆಗೆ ತಾಗಿಸುವುದೇ ಅಲ್ಲಿ ಮೊದಲ ಪಾಠ, ಆಮೇಲೆ ಬೇಕೆಂದೇ ಫ್ಯೂಸ್ ಸುಡುವುದು. ಹುಡುಗಾಟವೆನಿಸಿದರೂ ನಾಲ್ಕು ಪುಟ ಸಿದ್ಧಾಂತಕ್ಕಿಂತ ವಾಸಿ.

ಅಂಗಡಿಯಲ್ಲಿ ನಿಂತೇ ಪುಸ್ತಕ ಅಳೆಯಲು 555 ಟೈಮರ್ ಐಸಿಯ ಪುಟ ತೆರೆಯಿರಿ. 1972ರಲ್ಲಿ ಮಾರುಕಟ್ಟೆಗೆ ಬಂದದ್ದು ಇನ್ನೂ ಬಾಳುತ್ತಿದೆ. ಎಂಟು ಕಾಲುಗಳಿಗೂ ನಂಬರು ಹಾಕಿದೆಯೇ? 10 ಕೆ, 68 ಕೆ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಎಲ್‌ಇಡಿ ಸೆಕೆಂಡಿಗೆ ಸುಮಾರು ಒಂದು ಸಲ ಮಿನುಗುತ್ತದೆ. ಹೀಗೆ ಮೌಲ್ಯಗಳನ್ನು ಕೊಟ್ಟು, ಯಾವುದನ್ನು ಬದಲಿಸಿದರೆ ಏನಾಗುತ್ತದೆಂದು ಹೇಳುವ ಪುಸ್ತಕವಾದರೆ ಕೊಳ್ಳಿ. ಬರೀ ಸೂತ್ರವಿದ್ದರೆ ಅಲ್ಲೇ ಇಡಿ.

ಅಮೆರಿಕದ ಪುಸ್ತಕ ಹಿಡಿದು ಬಿಡಿಭಾಗ ಕೊಳ್ಳಲು ಎಸ್.ಪಿ. ರಸ್ತೆಗೆ ಹೋಗುವವರಿಗೆ ಎರಡು ಮಾತು. ಅವರ ಗೋಡೆಯ ಪ್ಲಗ್ಗಿನಲ್ಲಿ 120 ವೋಲ್ಟ್, ನಮ್ಮಲ್ಲಿ 230. ಕಲಿಯುವಷ್ಟು ದಿನ ಬ್ಯಾಟರಿ ಬಿಟ್ಟು ಕದಲಬೇಡಿ. ಟೂ-ಎನ್ 3904 ಟ್ರಾನ್ಸಿಸ್ಟರ್ ಕೇಳಿದರೆ ಬಿಸಿ 547 ಕೈಗಿಡುತ್ತಾರೆ. ಸಣ್ಣ ಸರ್ಕ್ಯೂಟುಗಳಲ್ಲಿ ಅದೂ ನಡೆಯುತ್ತದೆ, ಆದರೆ ತಿರುಗಿಸಿ ಚುಚ್ಚಬೇಕು: ಎಮಿಟರ್, ಕಲೆಕ್ಟರ್ ಕಾಲುಗಳು ಅದಲುಬದಲು.