400 ಅಡಿ ರೀಲು, 28,800 ಫ್ರೇಮು

ಎಚ್‌ಎಂಟಿ ಶುರುವಾದದ್ದು 1953ರಲ್ಲಿ, ಬಿಇಎಲ್ 1954ರಲ್ಲಿ. ಜಾಲಹಳ್ಳಿಯ ಈ ಕಾರ್ಖಾನೆಗಳಿಂದ ತರಬೇತಿಗೆಂದು ಹೊರದೇಶಕ್ಕೆ ಹೋಗಿಬಂದವರ ಮನೆಯ ಅಟ್ಟದಲ್ಲಿ ಎಂಟು ಸೂಪರ್ 8 ರೀಲು ಸಿಕ್ಕವು ಎಂದುಕೊಳ್ಳಿ. ಅವನ್ನು ವಿಡಿಯೊ ಮಾಡಲು ಎಷ್ಟು ಬೇಕು?

ಒಂದು ರೀಲು 50 ಅಡಿ, ಅಡಿಗೆ 72 ಫ್ರೇಮು. ಎಂಟಕ್ಕೆ 28,800. ಸೆಕೆಂಡಿಗೆ 18 ಫ್ರೇಮಿನಂತೆ ಓಡಿದರೆ ಬರೀ 26 ನಿಮಿಷ 40 ಸೆಕೆಂಡು. ಸ್ಟುಡಿಯೊಗೆ ಕೊಟ್ಟರೆ, ಲೆಕ್ಕಕ್ಕೆಂದು ಅಡಿಗೆ 30 ರೂ. ಹಿಡಿಯೋಣ: 12,000 ರೂ., ಶೇ 18 ಜಿಎಸ್‌ಟಿ ಸೇರಿ 14,160.

ಅತಿ ಅಗ್ಗದ ದಾರಿ ಗೋಡೆಗೆ ಪ್ರೊಜೆಕ್ಟ್ ಮಾಡಿ ಮೊಬೈಲಿನಲ್ಲಿ ಹಿಡಿಯುವುದು. ಆದರೆ ಮೂರು ರೆಕ್ಕೆಯ ಶಟರ್ ಇರುವ ಪ್ರೊಜೆಕ್ಟರು 18 ಫ್ರೇಮಿನಲ್ಲಿ ಸೆಕೆಂಡಿಗೆ 54 ಸಲ ಮಿನುಗುತ್ತದೆ; 25 ಫ್ರೇಮಿನ ಕ್ಯಾಮೆರಾಕ್ಕೆ ಅದು ಹೊಂದದೆ ಚಿತ್ರ ಮಿಟುಕುತ್ತದೆ. ವೇಗವನ್ನು 16⅔ಕ್ಕೆ ಇಳಿಸಿ, ಮಿನುಗು ಸರಿಯಾಗಿ 50 ಆಗುತ್ತದೆ. ಅಜ್ಜಿ ಕೊಂಚ ನಿಧಾನ ನಡೆಯುತ್ತಾರೆ, ಅಷ್ಟೆ.

ಒಳ್ಳೆಯ ದಾರಿ ಒಂದೊಂದೇ ಫ್ರೇಮಿನ ಫೋಟೊ. ಫ್ರೇಮಿನ ಅಗಲ 5.79 ಮಿ.ಮೀ. 24 ಮೆಗಾಪಿಕ್ಸೆಲ್ ಎಪಿಎಸ್-ಸಿ ಕ್ಯಾಮೆರಾಕ್ಕೆ ಒಂದಕ್ಕೊಂದು ಮ್ಯಾಕ್ರೊ ಲೆನ್ಸು ಹಾಕಿದರೆ ಆ ಅಗಲಕ್ಕೆ ಸುಮಾರು 1,480 ಪಿಕ್ಸೆಲ್ ಬೀಳುತ್ತದೆ. ನಾಲ್ಕಕ್ಕೆ ಮೂರರ ಎಚ್‌ಡಿ ಚಿತ್ರಕ್ಕೆ ಬೇಕಾದದ್ದು 1,440. ಮನೆ ರೀಲಿಗೆ 4ಕೆ ಎಂದು ಹೆಚ್ಚು ಕೇಳುವವರಿಗೆ ಈ ಅಂಕಿ ತೋರಿಸಿ.

ಕಷ್ಟವಿರುವುದು ಫಿಲ್ಮ್ ಜರುಗಿಸುವುದರಲ್ಲಿ. ಸ್ಟೆಪ್ಪರ್ ಮೋಟರ್ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತದೆ, ಸುತ್ತಿಗೆ 200 ಹೆಜ್ಜೆ. 12 ಹಲ್ಲಿನ ಸ್ಪ್ರಾಕೆಟ್ ಹಾಕಿದಿರೋ, ಫ್ರೇಮಿಗೆ 16⅔ ಹೆಜ್ಜೆ. ಮೋಟರಿಗೆ ಭಿನ್ನರಾಶಿ ಬರುವುದಿಲ್ಲ, ಚಿತ್ರ ಜಾರುತ್ತದೆ. 10 ಹಲ್ಲಾದರೆ ಸರಿಯಾಗಿ 20. ರಂಧ್ರದಿಂದ ರಂಧ್ರಕ್ಕೆ 4.23 ಮಿ.ಮೀ., ಹಾಗಾಗಿ ಚಕ್ರದ ಪಿಚ್ ವ್ಯಾಸ ಸುಮಾರು 13.5. ಈ ಅಳತೆಯ ಡ್ರಾಯಿಂಗ್ ಹಿಡಿದು ಪೀಣ್ಯದ ಜಾಬ್‌ವರ್ಕ್ ಶೆಡ್ಡಿಗೆ ಹೋಗಿ. ಒಂದೇ ಪೀಸಿನ ಕೆಲಸ ಎಂದರೆ ಮುಖ ಸಿಂಡರಿಸಬಹುದು. ಎರಡು ಮಾಡಿಸಿ, ಒಂದು ಸ್ಪೇರ್ ಇರಲಿ. ವೈಟ್‌ಫೀಲ್ಡಿನ ಅಳಿಯನೋ ಮಗಳೋ ಪ್ರೋಗ್ರಾಂ ಬರೆದುಕೊಟ್ಟಾರು.

ಫ್ರೇಮಿಗೆ ಎರಡು ಸೆಕೆಂಡಾದರೆ ಒಟ್ಟು 16 ಗಂಟೆ. ಫೋಟೊಗೆ 2 ಎಂಬಿ ಹಿಡಿದರೆ 57.6 ಜಿಬಿ, 64ರ ಕಾರ್ಡು ಹೆಚ್ಚುಕಡಿಮೆ ಭರ್ತಿ.

ಕ್ಯಾಮೆರಾ, ಲೆನ್ಸು ಮನೆಯಲ್ಲೇ ಇದ್ದರೆ ಈ ದಾರಿ ಲಾಭ. ಎಂಟೇ ರೀಲಿಗಾಗಿ ಹೊಸದಾಗಿ ಕೊಳ್ಳುವುದಾದರೆ ಸ್ಟುಡಿಯೊನೇ ಅಗ್ಗ. ಯಾವುದಕ್ಕೂ ಮೊದಲು ಡಬ್ಬಿ ತೆಗೆದು ಮೂಸಿ: ವಿನೆಗರ್ ವಾಸನೆ ಬಂದರೆ ಫಿಲ್ಮ್ ಕೊಳೆಯತೊಡಗಿದೆ. ಆ ರೀಲನ್ನು ಪ್ರೊಜೆಕ್ಟರಿಗೆ ಹಾಕಬೇಡಿ, ಬೇರೆಯದರಿಂದ ದೂರವಿಟ್ಟು ಅದನ್ನೇ ಮೊದಲು ಸ್ಕ್ಯಾನ್ ಮಾಡಿಸಿ.